ಒಂಟಿ ಕ್ಲೌನ್ ಮೀನಿಗೆ ಜೊತೆ ತರುವುದಾದರೆ

ಎರಡು ವರ್ಷದಿಂದ ಒಂದೇ ಕ್ಲೌನ್ ಮೀನು ಸಾಕಿದ್ದೀರಿ, ಜೊತೆಗೊಂದು ತಂದು ಬಿಟ್ಟರೆ ಕಚ್ಚಾಡುತ್ತವೆಯೇ ಎಂದು ಕೇಳಿದ್ದೀರಿ. ಗಾತ್ರದಲ್ಲಿ ಸರಿಸಮನಾದದ್ದನ್ನು ತಂದರೆ ಕಚ್ಚಾಡುವ ಸಾಧ್ಯತೆಯೇ ಹೆಚ್ಚು. ನಾನು ಆ ತಪ್ಪು ಮಾಡಿ ಒಂದು ಮೀನನ್ನು ಕೊಂದುಕೊಂಡವನು.

ಬನಶಂಕರಿಯ ನಮ್ಮ ಮನೆಯಲ್ಲಿ 150 ಲೀಟರಿನ ಉಪ್ಪುನೀರಿನ ತೊಟ್ಟಿಯಿದೆ. ಅದರಲ್ಲಿದ್ದ ಒಂಟಿ ಮೀನಿಗೆ ಸರಿಜೋಡಿ ಬೇಕೆಂದು ಅಷ್ಟೇ ಉದ್ದದ, ಮೈತುಂಬಿಕೊಂಡ ಮೀನನ್ನು ಆರಿಸಿ, ಆಟೋದಲ್ಲಿ ಥರ್ಮೊಕೋಲ್ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ತಂದೆ. ವಧೂವರರ ಎತ್ತರ ಹೊಂದಿಸುವವರ ಲೆಕ್ಕಾಚಾರ ನನ್ನದು. ಬಿಟ್ಟ ಅರ್ಧ ಗಂಟೆಯಲ್ಲಿ ಎರಡೂ ಬಾಯಿಗೆ ಬಾಯಿ ಕಚ್ಚಿ ಗಿರಗಿರನೆ ಸುತ್ತತೊಡಗಿದವು. ಮೂರನೆಯ ದಿನ ಹೊಸದು ಸತ್ತಿತು.

ಕಾರಣ ತಿಳಿದದ್ದು ಆಮೇಲೆ. ಕ್ಲೌನ್ ಮೀನುಗಳೆಲ್ಲ ಮೊದಲು ಗಂಡಾಗಿಯೇ ಬೆಳೆಯುತ್ತವೆ. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣಾಗುತ್ತದೆ. ಒಮ್ಮೆ ಹೆಣ್ಣಾದದ್ದು ಮತ್ತೆ ಗಂಡಾಗುವುದಿಲ್ಲ. ಸಮುದ್ರದಲ್ಲಿ ಈ ಮೀನುಗಳಿಗೆ ಮನೆಯಾಗುವ, ಹೂವಿನಂತೆ ಕಾಣುವ ಪ್ರಾಣಿ ಅನಿಮೋನ್. ಒಂದು ಅನಿಮೋನಿನ ಸಂಸಾರಕ್ಕೆ ಒಂದೇ ಹೆಣ್ಣು, ಅದರ ಕೆಳಗೆ ಅದರ ಗಂಡು, ಆಮೇಲೆ ಗಾತ್ರದ ಸಾಲಿನಲ್ಲಿ ಉಳಿದ ಚಿಕ್ಕವು. ಹೆಣ್ಣು ಸತ್ತರೆ ಆ ಗಂಡೇ ಹೆಣ್ಣಾಗಿ ಯಜಮಾನಿಕೆ ವಹಿಸಿಕೊಳ್ಳುತ್ತದೆ. ಎರಡು ವರ್ಷ ಒಂಟಿಯಾಗಿ ಮೆರೆದ ನಿಮ್ಮ ಮೀನು ಈಗಾಗಲೇ ಹೆಣ್ಣಾಗಿರುವ ಸಾಧ್ಯತೆ ಹೆಚ್ಚು. ಹಾಗಾಗಿ ನೀವು ಹುಡುಕಬೇಕಾದದ್ದು ಮನೆ ಅಳಿಯನನ್ನು: ಅದೇ ಜಾತಿಯ, ನಿಮ್ಮದರ ಅರ್ಧದಷ್ಟು ಉದ್ದದ ಎಳೆಯ ಮೀನು. ನಿಮ್ಮದು 7 ಸೆಂ.ಮೀ. ಇದ್ದರೆ ಹೊಸದು 3ರಿಂದ 4 ಸೆಂ.ಮೀ. ಸಾಕು. ಅಂಗಡಿಯವರು ದೊಡ್ಡದೊಂದನ್ನು ತೋರಿಸಿ 'ಇದು ಗಂಡು, ಗ್ಯಾರಂಟಿ' ಎಂದರೆ ನಕ್ಕು ಸುಮ್ಮನಾಗಿ. ಗುಂಪಿನಲ್ಲಿರುವ ಚಿಕ್ಕದನ್ನೇ ಕೇಳಿ, ಕಣ್ಣೆದುರು ಆಹಾರ ತಿನ್ನುತ್ತದೆಯೇ ಎಂದು ನೋಡಿ ತನ್ನಿ.

ತಂದ ಮೇಲೆ ನಾಲ್ಕು ವಾರ ಬೇರೆ ಸಣ್ಣ ತೊಟ್ಟಿಯಲ್ಲಿಡಿ. ಬ್ರೂಕ್ಲಿನೆಲ್ಲಾ ಎಂಬ ಪರಾವಲಂಬಿ ಜೀವಿಗೆ ಕ್ಲೌನ್ ಮೀನೆಂದರೆ ವಿಶೇಷ ಪ್ರೀತಿ. ಮೈಮೇಲೆ ಬಿಳಿ ಲೋಳೆ ಕಾಣಿಸಿಕೊಂಡು ಕೆಲವೇ ದಿನಗಳಲ್ಲಿ ಮೀನು ಸಾಯುತ್ತದೆ, ನಿಮ್ಮ ಹಳೆಯದಕ್ಕೂ ಅಂಟುತ್ತದೆ. ಅಂಗಡಿಯ ನೀರಿನಲ್ಲಿ ಉಪ್ಪು ಕಡಿಮೆ ಇರುವುದುಂಟು. ಚೀಲದ ನೀರನ್ನು ರಿಫ್ರಾಕ್ಟೋಮೀಟರಿನಲ್ಲಿ (ಉಪ್ಪಿನಂಶ ಅಳೆಯುವ ಉಪಕರಣ) ಅಳೆದು ಸಣ್ಣ ತೊಟ್ಟಿಯನ್ನು ಅದಕ್ಕೇ ಹೊಂದಿಸಿ, ಆಮೇಲೆ ದಿನ ದಿನ ಸ್ವಲ್ಪ ಸ್ವಲ್ಪವಾಗಿ ಉಪ್ಪುನೀರಿನ ಸಾಪೇಕ್ಷ ಸಾಂದ್ರತೆಯನ್ನು 1.025ಕ್ಕೆ ಏರಿಸಿ. ನಲ್ಲಿಯ ಕಾವೇರಿ ನೀರಾಗಲಿ ಬೋರ್‌ವೆಲ್ ನೀರಾಗಲಿ ಹಾಗೇ ಬಳಸಬೇಡಿ, ಆರ್‌ಓ ನೀರಿಗೇ ಉಪ್ಪು ಬೆರೆಸಿ. ಎರಡನೆಯ ತೊಟ್ಟಿಗೂ ಬ್ಯಾಟರಿ ಏರ್ ಪಂಪ್ ಇರಲಿ. ನಮ್ಮ ಕಡೆ ಮಳೆಗಾಲದ ಮೊದಲ ಗುಡುಗಿಗೇ ಕರೆಂಟು ಹೋಗುತ್ತದೆ.

ನಾಲ್ಕು ವಾರದ ನಂತರ ದೊಡ್ಡ ತೊಟ್ಟಿಯೊಳಗೆ ತೂತುಗಳಿರುವ ಪಾರದರ್ಶಕ ಡಬ್ಬಿ ತೂಗುಹಾಕಿ ಹೊಸದನ್ನು ಅದರಲ್ಲಿಡಿ. ಒಂದು ವಾರ ಪರಸ್ಪರ ನೋಡಿಕೊಳ್ಳಲಿ. ನಾನು ಎರಡನೆಯ ಸಲ ಚಿಕ್ಕದನ್ನು ತಂದಾಗ ಮೊದಲ ದಿನ ನಮ್ಮ ಹಳೆಯದು ಡಬ್ಬಿಗೆ ಗುದ್ದಿ ಗುದ್ದಿ ಸುಸ್ತಾಯಿತು, ಐದನೆಯ ದಿನ ಅದರ ಪಕ್ಕದಲ್ಲೇ ಮಲಗಿತು. ಬಿಡುವ ಸಂಜೆ ಕಲ್ಲುಗಳ ಜಾಗ ಬದಲಿಸಿ, ಹಳೆಯದಕ್ಕೆ ಹೊಟ್ಟೆ ತುಂಬ ತಿನ್ನಿಸಿ, ದೀಪ ಆರಿಸಿ.

ಬಿಟ್ಟ ಮೇಲೆ ದೊಡ್ಡದು ಅಟ್ಟಿಸಿಕೊಂಡು ಹೋಗುತ್ತದೆ. ಚಿಕ್ಕದು ಅದರ ಮುಂದೆ ಒಂದು ಮಗ್ಗುಲಿಗೆ ವಾಲಿ ಮೈ ಗಡಗಡ ನಡುಗಿಸುತ್ತದೆ. ಚಳಿಜ್ವರವೆಂದು ಗಾಬರಿಯಾಗಬೇಡಿ (ನಾನು ಆಗಿದ್ದೆ), 'ನೀನೇ ದೊಡ್ಡವಳು' ಎಂದು ಒಪ್ಪಿಕೊಳ್ಳುವ ರೀತಿ ಅದು. ಆ ನಡುಕ ಕಂಡರೆ ಅರ್ಧ ಗೆದ್ದಂತೆ. ರೆಕ್ಕೆ ಹರಿದಿದ್ದರೆ, ಚಿಕ್ಕದು ಮೂಲೆ ಬಿಟ್ಟು ಬರದೆ ಆಹಾರ ತಿನ್ನದಿದ್ದರೆ ಮಾತ್ರ ಬೇರ್ಪಡಿಸಬೇಕು. ಆಗ ಡಬ್ಬಿಗೆ ಹಾಕಬೇಕಾದದ್ದು ಹಳೆಯದನ್ನು. ಮೂರು ನಾಲ್ಕು ದಿನ ಚಿಕ್ಕದು ತೊಟ್ಟಿಯಲ್ಲಿ ಓಡಾಡಿ ಜಾಗ ಪರಿಚಯ ಮಾಡಿಕೊಳ್ಳಲಿ, ನಂತರ ಮತ್ತೆ ಪ್ರಯತ್ನಿಸಿ.

ನಿಮ್ಮದು ಯಾವ ಜಾತಿ ಎಂದು ಬರೆದಿಲ್ಲ. ಸಾಮಾನ್ಯವಾಗಿ ಕಿತ್ತಳೆ ಮೈಮೇಲೆ ಬಿಳಿ ಪಟ್ಟೆಯಿರುವ ಆಸೆಲ್ಲಾರಿಸ್ ಅಥವಾ ಪರ್ಕ್ಯುಲಾ ಆಗಿದ್ದರೆ ಮೇಲಿನದೆಲ್ಲ ಅನ್ವಯಿಸುತ್ತದೆ. ಕಡುಗೆಂಪು ಮರೂನ್ ಕ್ಲೌನ್ ಆಗಿದ್ದರೆ ಜೊತೆಯ ಯೋಚನೆ ಬಿಟ್ಟುಬಿಡಿ. ಅದರ ಸಿಟ್ಟಿಗೆ ಯಾವ ಅಳಿಯನೂ ಬಾಳುವುದು ಕಷ್ಟ.