ಬಲಗಡೆಯೇ ನಡೀರಿ, ಕುರುಡು ತಿರುವು ಬಿಟ್ಟು

ಗೋವಾದ ಮಾಪ್ಸಾ ಹತ್ತಿರದ ಹಳ್ಳಿಗೆ ಹೊಸದಾಗಿ ಬಂದಿದ್ದೀರಿ, ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ಸಂಜೆ ಅಮ್ಮನ ಜೊತೆ ಯಾವ ಬದಿ ನಡೆಯಬೇಕು ಅಂತ ಕೇಳಿದ್ದೀರಿ. ಬಲಗಡೆ. ನಮ್ಮಲ್ಲಿ ಗಾಡಿಗಳು ಎಡಕ್ಕೆ ಹೋಗುತ್ತವೆ ಅಲ್ವಾ, ನೀವು ಬಲಕ್ಕಿದ್ದರೆ ನಿಮ್ಮ ಪಕ್ಕದಲ್ಲಿ ಬರುವ ಗಾಡಿ ಎದುರಿಗೇ ಕಾಣುತ್ತದೆ, ಬೆನ್ನ ಹಿಂದಿನಿಂದ ಬರುವುದಿಲ್ಲ.

ಆದರೆ ಗೋವಾದ ಹಳ್ಳಿ ರಸ್ತೆಗಳಲ್ಲಿ ಒಂದು ತೊಡಕಿದೆ. ಕೆಂಪುಕಲ್ಲಿನ ಕಾಂಪೌಂಡ್ ರಸ್ತೆಯ ಅಂಚಿಗೇ ಬಂದಿರುತ್ತದೆ, ಮಳೆಗಾಲದಲ್ಲಿ ಅದರ ಮೇಲೆ ಬಳ್ಳಿ ಬೇರೆ. ಬಲಕ್ಕೆ ತಿರುಗುವ ಕುರುಡು ತಿರುವಿನಲ್ಲಿ ನೀವು ಗೋಡೆಗೆ ಅಂಟಿಕೊಂಡು ನಡೆದರೆ ಎದುರಿನವನಿಗೆ ಕೊನೇ ಗಳಿಗೆಯವರೆಗೂ ಕಾಣುವುದಿಲ್ಲ. ಅಂಥ ಕಡೆ ತಿರುವಿಗೆ ಮುಂಚೆಯೇ ಎಡಕ್ಕೆ ದಾಟಿ, ತಿರುವು ಮುಗಿದ ಮೇಲೆ ವಾಪಸ್ ಬನ್ನಿ. ಅಮ್ಮನಿಗೆ ಬೇಜಾರಾಗಬಹುದು, ನಮ್ಮಮ್ಮ ಈಗಲೂ ಗೊಣಗುತ್ತಾರೆ.

ಪಕ್ಕಪಕ್ಕ ಬೇಡ, ಒಬ್ಬರ ಹಿಂದೆ ಒಬ್ಬರು. ಕತ್ತಲಾದ ಮೇಲೆ ಬಿಳಿ ಬಟ್ಟೆಯನ್ನೇ ನಂಬಬೇಡಿ, ಕೈಯಲ್ಲಿ ಟಾರ್ಚ್ ಇರಲಿ, ಬೆಳಕು ನೆಲಕ್ಕೆ ಬಿಡಿ, ಡ್ರೈವರ್ ಕಣ್ಣಿಗಲ್ಲ.

ನೀವೇ ಸ್ಕೂಟರ್ ಓಡಿಸುವಾಗಲೂ ಇದು ನೆನಪಿರಲಿ: 40 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ, ಬ್ರೇಕ್ ಒತ್ತುವ ಮುಂಚೆಯೇ ಅಷ್ಟು ದೂರ ಹೋಗಿರುತ್ತದೆ. ನಡೆಯುವವರ ಹಿಂದೆ ಸುಮ್ನೆ ಹಾರ್ನ್ ಬಾರಿಸಿದರೆ ಅವರು ಬೆಚ್ಚಿ ಯಾವ ಕಡೆ ಹಾರುತ್ತಾರೋ ಗೊತ್ತಿಲ್ಲ. ನಿಧಾನ ಮಾಡಿ, ಜಾಗ ಬಿಟ್ಟು ದಾಟಿ. ಹಾರ್ನ್ ಹೊಡೆಯಲಿ ಬಿಡಿ ಅನ್ನಬಹುದಾದವನು ಸೈಕಲ್ ಮೇಲೆ ಪಾವ್ ಮಾರುವ ಪೊದೇರ್ ಒಬ್ಬನೇ. ನಡೆಯುವಾಗ ಕಪ್ಪು ಪ್ಲೇಟಿನಲ್ಲಿ ಹಳದಿ ಅಕ್ಷರದ, ಪ್ರವಾಸಿಗರೇ ಓಡಿಸುವ ಬಾಡಿಗೆ ಗಾಡಿ ಕಂಡರೆ ಮಾತ್ರ ಒಂದು ಹೆಜ್ಜೆ ಜಾಸ್ತಿಯೇ ಪಕ್ಕಕ್ಕೆ ಸರಿಯಿರಿ, ಆ ತಿರುವು ಅವರಿಗೆ ಹೊಸದು.