ರಕ್ತ ಹೀರುವ ಹೆಣ: ಊರವರು ಗೋರಿಯಲ್ಲಿ ಕಂಡದ್ದೇನು?

ಪ್ರಶ್ನೆ: ಬ್ರಾಮ್ ಸ್ಟೋಕರ್ ಬರೆದ ‘ಡ್ರಾಕುಲಾ’ ಓದಿ ಮುಗಿಸಿದೆ. ಸತ್ತವನು ಎದ್ದು ಬಂದು ರಕ್ತ ಹೀರುತ್ತಾನೆ ಅನ್ನೋದು ಸುಮ್ನೆ ಕಟ್ಟಿದ ಕಥೆಯೇ, ಇಲ್ಲಾ ಜನ ನಿಜವಾಗಿ ನಂಬಿದ್ದರೇ?

ಉತ್ತರ: ನಂಬಿದ್ದರು. ಸರ್ಕಾರಿ ವರದಿಯಲ್ಲೇ ಅದು ದಾಖಲಾಗಿದೆ. ಕಾದಂಬರಿ ಬಂದದ್ದು 1897ರಲ್ಲಿ. ಅದಕ್ಕೂ 170 ವರ್ಷ ಹಿಂದೆ, 1725ರಲ್ಲಿ, ಸರ್ಬಿಯಾದ ಕಿಸಿಲ್ಯೆವೊ ಎಂಬ ಹಳ್ಳಿಯಲ್ಲಿ ಪೇಟರ್ ಬ್ಲಾಗೊಯೆವಿಚ್ ಎಂಬ ರೈತ ತೀರಿಕೊಂಡ. ಹೂತು ಹತ್ತು ವಾರವಾಗಿತ್ತು. ಎಂಟು ದಿನದೊಳಗೆ ಊರಲ್ಲಿ ಒಂಬತ್ತು ಜನ ಸತ್ತರು. ಒಂದೇ ದಿನದ ಕಾಯಿಲೆ, ಅಷ್ಟೇ. ನಿದ್ದೆಯಲ್ಲಿ ಪೇಟರ್ ಬಂದು ಮೈಮೇಲೆ ಬಿದ್ದು ಕುತ್ತಿಗೆ ಹಿಸುಕಿದ ಎಂದು ಸಾಯುವ ಮೊದಲು ಅವರು ಹೇಳಿದ್ದರು. ಅವನ ಹೆಂಡತಿಯ ಮಾತಂತೂ ಇನ್ನೂ ಮೈ ಜುಮ್ಮೆನ್ನಿಸುತ್ತದೆ. ಗಂಡ ಮನೆಗೆ ಬಂದು ತನ್ನ ಕಾಲಿನ ಜೋಡು ಕೊಡು ಎಂದು ಕೇಳಿದನಂತೆ. ಆಕೆ ಊರೇ ಬಿಟ್ಟಳು.

ಆಗ ಆ ಸೀಮೆ ಆಸ್ಟ್ರಿಯಾದ ಕೈಯಲ್ಲಿತ್ತು. ಗೋರಿ ಅಗೆಯಬೇಕು, ನೀವೂ ಬನ್ನಿ ಎಂದು ಜನ ಅಲ್ಲಿನ ಅಧಿಕಾರಿ ಫ್ರಾಂಬಾಲ್ಡ್ ಬಳಿ ಪಟ್ಟು ಹಿಡಿದರು. ಬೆಲ್‌ಗ್ರೇಡ್‌ನಿಂದ ಅಪ್ಪಣೆ ಬರಲಿ ಎಂದ ಆತ. ಅಷ್ಟರಲ್ಲಿ ಊರಿಗೆ ಊರೇ ಸತ್ತಿರುತ್ತದೆ, ಈಗಲೇ ಒಪ್ಪದಿದ್ದರೆ ಎಲ್ಲರೂ ಊರು ಬಿಡುತ್ತೇವೆ ಎಂದರು ಜನ. ಕೊನೆಗೆ ಆತ ಪಾದ್ರಿಯನ್ನು ಕರೆದುಕೊಂಡು ಹೋದ, ಕಂಡದ್ದನ್ನು ಬರೆದಿಟ್ಟ. ಮೂಗು ಸ್ವಲ್ಪ ಕುಸಿದದ್ದು ಬಿಟ್ಟರೆ ಹೆಣ ಕೆಟ್ಟಿರಲಿಲ್ಲ. ಕೂದಲು, ಗಡ್ಡ, ಉಗುರು ಬೆಳೆದಂತಿದ್ದವು. ಹಳೇ ಚರ್ಮ ಸುಲಿದು ಅಡಿಯಲ್ಲಿ ಹೊಸದು ಕಾಣುತ್ತಿತ್ತು. ಬಾಯಲ್ಲಿ ರಕ್ತ. ಜನ ಗೂಟ ಚೂಪು ಮಾಡಿ ಎದೆಗೆ ಹೊಡೆದರು. ಕಿವಿಯಿಂದ, ಬಾಯಿಂದ ರಕ್ತ ಹರಿಯಿತು. ಆಮೇಲೆ ಹೆಣವನ್ನು ಸುಟ್ಟರು. ಇದರಲ್ಲಿ ತಪ್ಪಿದ್ದರೆ ಅದು ಭಯದಿಂದ ಕಂಗೆಟ್ಟ ಜನರದ್ದು, ನನ್ನದಲ್ಲ ಎಂದು ಆತ ವರದಿ ಮುಗಿಸಿದ.

ಇದನ್ನು ಓದಿ ‘ಮೂಢರು’ ಎಂದು ತಳ್ಳಿಹಾಕುವವರೇ ಜಾಸ್ತಿ. ನಾನು ಒಪ್ಪುವುದಿಲ್ಲ. ಅವರು ಕಂಡದ್ದು ಸರಿಯಾಗಿಯೇ ಇತ್ತು, ಕೊಟ್ಟ ಕಾರಣ ತಪ್ಪಾಗಿತ್ತು. ಕೊಳೆಯುವಾಗ ಹೊಟ್ಟೆಯಲ್ಲಿ ಅನಿಲ ತುಂಬಿ ಹೆಣ ಊದುತ್ತದೆ. ಆ ಒತ್ತಡಕ್ಕೆ ಒಳಗಿನಿಂದ ಕಪ್ಪುಗೆಂಪು ದ್ರವ ಬಾಯಿ, ಮೂಗಿಗೆ ಬರುತ್ತದೆ. ಉಗುರು ಬೆಳೆಯುವುದಿಲ್ಲ, ಸುತ್ತಲಿನ ಚರ್ಮ ಒಣಗಿ ಹಿಂದೆ ಸರಿಯುತ್ತದೆ. ಗೂಟ ಹೊಡೆದಾಗ ಅನಿಲ ಗಂಟಲಿನಿಂದ ನುಗ್ಗಿ ನರಳಿದಂಥ ಸದ್ದು ಬರುವುದೂ ಉಂಟು. ಸಾಮಾನ್ಯವಾಗಿ ಯಾರೂ ಗೋರಿ ಅಗೆದು ನೋಡುವುದಿಲ್ಲವಲ್ಲ, ಹೆಣ ಹೇಗಿರುತ್ತದೆಂದು ಯಾರಿಗೆ ತಾನೇ ಗೊತ್ತಿರುತ್ತದೆ?

1755ರಲ್ಲಿ ಆಸ್ಟ್ರಿಯಾದ ಮಹಾರಾಣಿ ಮರಿಯಾ ತೆರೇಸಾ ತನ್ನ ವೈದ್ಯ ಗೆರಾರ್ಡ್ ಫಾನ್ ಸ್ವೀಟನ್ ಸಲಹೆ ಕೇಳಿ, ಹೀಗೆ ಹೆಣ ಅಗೆದು ಸುಡುವುದಕ್ಕೆ ತಡೆ ಹಾಕಿದಳು. ಆದರೂ ನಂಬಿಕೆ ಸಾಯಲಿಲ್ಲ. 1892ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಮರ್ಸಿ ಬ್ರೌನ್ ಎಂಬ 19ರ ಹುಡುಗಿ ಕ್ಷಯದಿಂದ ಸತ್ತಳು. ತಾಯಿ, ಅಕ್ಕ ಮೊದಲೇ ಹೋಗಿದ್ದರು, ಅಣ್ಣ ಎಡ್ವಿನ್ ಹಾಸಿಗೆ ಹಿಡಿದಿದ್ದ. ಸತ್ತವರಲ್ಲೇ ಒಬ್ಬರು ಅವನ ಜೀವ ಹೀರುತ್ತಿದ್ದಾರೆಂದು ಊರವರು ಗೋರಿಗಳನ್ನು ತೆರೆಸಿದರು. ಚಳಿಗಾಲವಾದ್ದರಿಂದ ಮರ್ಸಿಯ ಹೆಣ ಕೆಟ್ಟಿರಲಿಲ್ಲ. ಹೃದಯ ತೆಗೆದು ಸುಟ್ಟು, ಆ ಬೂದಿಯನ್ನು ಔಷಧಿಯೆಂದು ಎಡ್ವಿನ್‌ಗೆ ಕುಡಿಸಿದರು. ಎರಡು ತಿಂಗಳಲ್ಲಿ ಅವನೂ ತೀರಿಕೊಂಡ. ಕ್ಷಯದ ರೋಗಾಣುವನ್ನು ಜರ್ಮನ್ ವಿಜ್ಞಾನಿ ರಾಬರ್ಟ್ ಕಾಖ್ ಗುರುತಿಸಿ ಆಗಲೇ ಹತ್ತು ವರ್ಷವಾಗಿತ್ತು. ಆದರೆ ಮದ್ದು ಇನ್ನೂ ಇರಲಿಲ್ಲ. ಮಗ ಕಣ್ಣೆದುರೇ ಸಾಯುತ್ತಿರುವಾಗ ಆ ತಂದೆ ಅಕ್ಕಪಕ್ಕದವರ ಒತ್ತಾಯಕ್ಕೆ ತಲೆಬಾಗಿದ್ದು ನನಗೆ ಅರ್ಥವಾಗುತ್ತದೆ.

ಪ್ರಶ್ನೆ: ಹಾಗಾದರೆ ಕೋಟೆಯಲ್ಲಿರುವ ಆ ಗತ್ತಿನ ಶ್ರೀಮಂತ ಎಲ್ಲಿಂದ ಬಂದ? ಬಿಸಿಲಿಗೆ ಅವನು ಸಾಯುವುದೇಕೆ?

ಉತ್ತರ: ಅವನು ಬಂದದ್ದು ಸಾಹಿತ್ಯದಿಂದ. 1816ರ ಬೇಸಿಗೆಯಲ್ಲಿ ಕವಿ ಬೈರನ್ ಜಿನೀವಾ ಸರೋವರದ ಬಳಿ ಒಂದು ಕಥೆ ಶುರುಮಾಡಿ ಅರ್ಧಕ್ಕೆ ಬಿಟ್ಟ. ಅವನ ವೈದ್ಯ ಪಾಲಿಡೋರಿ ಅದೇ ಎಳೆ ಹಿಡಿದು ‘ದಿ ವ್ಯಾಂಪೈರ್’ ಬರೆದ. 1819ರಲ್ಲಿ ಅದು ಅಚ್ಚಾಯಿತು, ಅದೂ ಬೈರನ್ ಹೆಸರಲ್ಲಿ. ಊದಿದ ಮೈಯ ಹಳ್ಳಿಗನ ಜಾಗಕ್ಕೆ ಲಾರ್ಡ್ ರುತ್ವೆನ್ ಎಂಬ ಶ್ರೀಮಂತ ಬಂದ. ಡ್ರಾಕುಲಾ ಅವನದೇ ಸಂತತಿ.

ಬಿಸಿಲಿನ ವಿಷಯಕ್ಕೆ ಬಂದರೆ, ನೀವು ಓದಿದ ಪುಸ್ತಕವನ್ನೇ ಮತ್ತೆ ತೆರೆದು ನೋಡಿ. ಡ್ರಾಕುಲಾ ಹಗಲಲ್ಲೇ ಲಂಡನ್ ಬೀದಿಯಲ್ಲಿ ಕಾಣಿಸುತ್ತಾನೆ. ಅವನು ಸಾಯುವುದು ಗೂಟದಿಂದಲೂ ಅಲ್ಲ, ಇಬ್ಬರು ಬೀಸಿದ ಚೂರಿಗಳಿಂದ. ಬಿಸಿಲಿಗೆ ಕರಗುವುದನ್ನು ತಂದದ್ದು 1922ರ ಜರ್ಮನ್ ಮೂಕಿಚಿತ್ರ ‘ನೊಸ್ಫೆರಾಟು’.

ಪ್ರಶ್ನೆ: ನಮ್ಮ ಬೇತಾಳವೂ ಇದೇ ಜಾತಿಯದ್ದು ಅಲ್ವಾ?

ಉತ್ತರ: ಅಲ್ಲ. ವಿಕ್ರಮನ ಕಥೆಯ ಬೇತಾಳ ಯಾರದೋ ಹೆಣದೊಳಗೆ ಸೇರಿಕೊಂಡು ಮಾತಾಡುತ್ತದೆ. ರಾಜನಿಗೆ ಕಥೆ ಹೇಳಿ, ಒಗಟಿನಂಥ ಪ್ರಶ್ನೆ ಕೇಳಿ, ಉತ್ತರ ಬಂದೊಡನೆ ಮರಕ್ಕೆ ಹಾರುತ್ತದೆ. ಅವನ ರಕ್ತ ಹೀರುವುದಿಲ್ಲ. ಕಿಸಿಲ್ಯೆವೊದವರನ್ನು ಹೆದರಿಸಿದ್ದು ಗುರುತಿಲ್ಲದ ಪಿಶಾಚಿಯಲ್ಲ. ನಿನ್ನೆ ಮೊನ್ನೆವರೆಗೆ ಜೊತೆಗಿದ್ದ ಪೇಟರ್, ತನ್ನ ಹೆಸರು, ಮುಖ, ಮನೆಯ ದಾರಿ ಯಾವುದನ್ನೂ ಮರೆಯದೆ ಬಂದಿದ್ದ.