ಸಮತಟ್ಟು ರಸ್ತೆಯಲ್ಲೂ ಆಕ್ಸಿಲರೇಟರ್ ಯಾಕೆ ಒತ್ತಬೇಕು?

ಪ್ರಶ್ನೆ: ಚಲಿಸುವ ವಸ್ತು ಅದೇ ವೇಗದಲ್ಲಿ ಚಲಿಸುತ್ತಲೇ ಇರುತ್ತದೆ ಎಂದು ಮಗಳ ಒಂಬತ್ತನೇ ತರಗತಿ ಪಾಠದಲ್ಲಿದೆ. ಆದರೆ ಕುಶಾಲನಗರ ದಾಟಿ ಮೈಸೂರು ಕಡೆ 60ರಲ್ಲಿ ಹೋಗುವಾಗ ಕಾಲು ತೆಗೆದರೆ ಕಾರು ನಿಧಾನವಾಗುತ್ತದೆ. ಪಾಠ ತಪ್ಪೇ? ಇನ್ನೊಂದು, ಸಂಪಾಜೆ ಘಾಟಿ ಇಳಿಯುವಾಗ ನ್ಯೂಟ್ರಲ್‌ಗೆ ಹಾಕಿದರೆ ಪೆಟ್ರೋಲ್ ಉಳಿಯುತ್ತದೆ ಅಲ್ವಾ?
– ಸುಂಟಿಕೊಪ್ಪದ ಓದುಗರು

ಉತ್ತರ: ಪಾಠ ಸರಿಯಾಗಿಯೇ ಇದೆ. ಆದರೆ ನ್ಯೂಟನ್ನನ ಆ ನಿಯಮದಲ್ಲಿ ‘ಹೊರಗಿನ ಬಲ ಬೀಳದಿದ್ದರೆ’ ಎಂಬ ಮಾತೂ ಇದೆ. 1977ರಲ್ಲಿ ಹಾರಿಸಿದ ವಾಯೇಜರ್ ಬಾಹ್ಯಾಕಾಶ ನೌಕೆಗಳು ಎಂಜಿನ್ ಬಲವಿಲ್ಲದೆ ಇವತ್ತಿಗೂ ಓಡುತ್ತಿವೆ. ಅಲ್ಲಿ ಗಾಳಿಯೂ ಇಲ್ಲ, ರಸ್ತೆಯೂ ಇಲ್ಲ. ನಿಮ್ಮ ಕಾರಿಗೆ ಎರಡೂ ಇವೆ.

ಬ್ಯಾಟರಿ ಹೋದ ಕಾರನ್ನು ಎಂದಾದರೂ ತಳ್ಳಿದ್ದೀರಾ? ಮೊದಲು ಕದಲಿಸಲು ಇಬ್ಬರು ಬೇಕು. ಉರುಳತೊಡಗಿದ ಮೇಲೆ ಒಬ್ಬರೇ ಸಾಕು. ಆದರೆ ಕೈಬಿಟ್ಟರೆ ನಾಲ್ಕು ಮಾರು ಹೋಗಿ ನಿಂತುಬಿಡುತ್ತದೆ. ಅಷ್ಟು ನಿಧಾನದಲ್ಲಿ ಗಾಳಿಯ ತಡೆ ಇಲ್ಲವೆಂದೇ ಹೇಳಬಹುದು. ಅಲ್ಲಿ ಮುಖ್ಯವಾಗಿ ಅಡ್ಡ ಬರುವುದು ಟಯರ್. ಕಾರಿನ ಭಾರಕ್ಕೆ ಟಯರಿನ ತಳ ಚಪ್ಪಟೆಯಾಗುತ್ತದೆ, ಮುಂದೆ ಉರುಳಿದಾಗ ಮತ್ತೆ ದುಂಡಗಾಗುತ್ತದೆ. ರಬ್ಬರನ್ನು ಹೀಗೆ ಹಿಸುಕಲು ಹಾಕಿದ ಶಕ್ತಿ ಪೂರ್ತಿ ವಾಪಸ್ ಬರುವುದಿಲ್ಲ, ಸ್ವಲ್ಪ ಬಿಸಿಯಾಗಿ ಹೋಗುತ್ತದೆ. ಮೈಸೂರು ಮುಟ್ಟಿದ ಕೂಡಲೇ ಟಯರ್ ಮುಟ್ಟಿ ನೋಡಿ, ಬೆಚ್ಚಗಿರುತ್ತದೆ. ನೀವು ಹಾಕಿಸಿದ ಪೆಟ್ರೋಲಿನ ಒಂದು ಪಾಲು ಅದು. ಟಯರಿನಲ್ಲಿ ಗಾಳಿ ಕಡಿಮೆಯಿದ್ದರೆ ಆ ಪಾಲು ಇನ್ನೂ ಜಾಸ್ತಿ.

ವೇಗ ಏರಿದಂತೆ ಗಾಳಿಯ ತಡೆ ಜೋರಾಗುತ್ತದೆ. ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟು. ಅದನ್ನು ಎದುರಿಸಲು ಬೇಕಾದ ಎಂಜಿನ್ ಶಕ್ತಿ ಎಂಟರಷ್ಟು! ನನ್ನ ಅಂದಾಜು ಲೆಕ್ಕದಲ್ಲಿ, ಟಯರಿನ ತಡೆಯೂ ಸೇರಿ, ಸಣ್ಣ ಕಾರು ಸಮತಟ್ಟು ರಸ್ತೆಯಲ್ಲಿ 40ರಲ್ಲಿ ಹೋಗಲು ಚಕ್ರಗಳಿಗೆ ಸುಮಾರು 3 ಎಚ್‌ಪಿ ಸಾಕು. 80ಕ್ಕೆ 10 ಬೇಕು, 100ಕ್ಕೆ 17. ಈ ತಡೆಗಳಿಗೆ ಸರಿಸಮನಾಗಿ ಎಂಜಿನ್ ತಳ್ಳಿದಾಗ ಒಟ್ಟು ಬಲ ಸೊನ್ನೆ. ಆಗ ವೇಗ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಪಾಠದಲ್ಲಿ ಹೇಳಿದ್ದೂ ಅದೇ ಎಂದು ಮಗಳಿಗೆ ಹೇಳಿ.

ಇನ್ನು ಘಾಟಿಯ ವಿಷಯ. ದಯವಿಟ್ಟು ನ್ಯೂಟ್ರಲ್‌ನಲ್ಲಿ ಇಳಿಯಬೇಡಿ. ಅಲ್ಲಿ ಭೂಮಿಯೇ ಕಾರನ್ನು ಎಳೆಯುತ್ತದೆ, ವೇಗ ಏರದಂತೆ ತಡೆಯುವುದೇ ಕೆಲಸ. 1,200 ಕೆಜಿ ತೂಕದ ಕಾರು 100 ಮೀಟರ್ ಎತ್ತರ ಇಳಿದರೆ ಬಿಡುಗಡೆಯಾಗುವ ಶಕ್ತಿ ಮೂರು ಲೀಟರ್ ತಣ್ಣೀರನ್ನು ಕುದಿಸುವಷ್ಟು. ನ್ಯೂಟ್ರಲ್‌ನಲ್ಲಿದ್ದರೆ ಅದರಲ್ಲಿ ಬಹುಪಾಲು ಬ್ರೇಕಿಗೇ ಹೋಗುತ್ತದೆ. ಬ್ರೇಕ್ ತೀರಾ ಕಾದರೆ ಹಿಡಿಯುವುದೇ ಇಲ್ಲ. ಮಡಿಕೇರಿಯಿಂದ ಕೆಳಗೆ ಎಷ್ಟು ನೂರು ಮೀಟರ್ ಇಳಿಯುತ್ತೀರಿ, ಎಷ್ಟು ತಿರುವು ಬರುತ್ತವೆ, ಯೋಚಿಸಿ.

ಪೆಟ್ರೋಲ್ ಕೂಡ ಉಳಿಯುವುದಿಲ್ಲ. ಈಗಿನ ಇಂಜೆಕ್ಷನ್ ಕಾರುಗಳಲ್ಲಿ ಗೇರಿನಲ್ಲೇ ಇಟ್ಟು ಕಾಲು ತೆಗೆದರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ, ಇಂಧನ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದಂತೆ ಸುಮ್ನೆ ಪೆಟ್ರೋಲ್ ಉರಿಯುತ್ತಿರುತ್ತದೆ. ಆ ಏರನ್ನು ಹತ್ತಲು ಯಾವ ಗೇರ್ ಬೇಕೋ ಅದರಲ್ಲೇ ಇಳಿಯಿರಿ. ಸುಟ್ಟ ವಾಸನೆ ಬಂದರೆ ಅಗಲ ಜಾಗ ನೋಡಿ ನಿಲ್ಲಿಸಿ, ಬ್ರೇಕ್ ತಣ್ಣಗಾಗುವವರೆಗೆ ಕಾಯಿರಿ.